ಸೆಟ್ಟೂರು ಸೀಮೆಯ ಕನ್ನಡ ಮತ್ತು 1882ರ ಗೆರೆ

ಅನಂತಪುರ ಜಿಲ್ಲೆಯ ಗಡಿಯಂಚಿನ ಸೆಟ್ಟೂರು ಸೀಮೆಗೆ ಕನ್ನಡವು ವಲಸೆ ಬಂದ ನುಡಿಯಲ್ಲ. ದಕ್ಷಿಣಕ್ಕಿರುವ ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಅವರ ಕಾಲದ ಕನ್ನಡ ಶಾಸನಗಳು ಈ ಭಾಗದಲ್ಲಿ ದೊರೆತಿವೆ. ತೆಲುಗು ಕೂಡ ಇಲ್ಲಿ ಬಹುಕಾಲದಿಂದ ನೆಲೆಯೂರಿದ ಭಾಷೆಯೇ. ಎರಡರಲ್ಲೊಂದನ್ನು ಅತಿಥಿಯೆನ್ನುವ ವಾದವು ಚರಿತ್ರೆಯ ಮುಂದೆ ನಿಲ್ಲದು.

1800ರಲ್ಲಿ ನಿಜಾಮನಿಂದ ಕಂಪನಿಯ ವಶಕ್ಕೆ ಬಂದ ಈ ಪ್ರದೇಶವು ಮುಂದೆ ಬಳ್ಳಾರಿ ಜಿಲ್ಲೆಯೊಳಗಿತ್ತು. 1882ರಲ್ಲಿ ಅನಂತಪುರವನ್ನು ಬಳ್ಳಾರಿಯಿಂದ ಬೇರ್ಪಡಿಸಿದಾಗ ಭಾಷಾವಾರು ಪ್ರಾಂತದ ಕೂಗು ಇನ್ನೂ ಎದ್ದಿರಲಿಲ್ಲ. ಆದರೆ ಆ ಆಡಳಿತದ ಗೆರೆಯೇ 1953ರಲ್ಲಿ ನಿರ್ಣಾಯಕವಾಯಿತು. ಬಳ್ಳಾರಿಯನ್ನು ತಾಲ್ಲೂಕುವಾರು ತೂಗಿನೋಡಿ ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ ಉಳಿದವನ್ನು ಮೈಸೂರಿಗೂ ಸೇರಿಸಲಾಯಿತು. ಅನಂತಪುರವಾದರೋ ಇಡಿಯಾಗಿ ಆಂಧ್ರಕ್ಕೆ ಸಂದಿತು. ಜನ ಕದಲಲಿಲ್ಲ, ಅವರು ಅಲ್ಪಸಂಖ್ಯಾತರಾದರು.

ಆಫ್ರಿಕದ ಅನುಭವವನ್ನು ಇದರೊಡನೆ ಇಟ್ಟು ನೋಡಬಹುದು. ಅಲ್ಲಿ ವಸಾಹತುಶಾಹಿಗಳು ನುಡಿಯನ್ನು ಲೆಕ್ಕಿಸದೆ ಎಳೆದ ಗಡಿಗಳು ಎವೆ ಭಾಷಿಕರನ್ನು ಘಾನಾ–ಟೋಗೋಗಳ ನಡುವೆ ಸೀಳಿದವು. ಇಲ್ಲಿ ಗಡಿ ಎಳೆದದ್ದು ನುಡಿಯ ಹೆಸರಿನಲ್ಲಿಯೇ! ಫಲ ಮಾತ್ರ ಹೆಚ್ಚು ಭಿನ್ನವಲ್ಲ.

ಪರಿಹಾರದ ವಿಚಾರದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷಾ ಬೋಧನೆಗೆ ಶಿಕ್ಷಕರನ್ನು ಒದಗಿಸಬೇಕೆಂದಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತವನ್ನಷ್ಟೇ ಹೆಸರಿಸಿತು. 2000ದ ಅಸ್ಮಾರಾ ಘೋಷಣೆಯಾದರೋ ಆಫ್ರಿಕದ ಭಾಷೆಗಳನ್ನು ಶಿಕ್ಷಣದ ಎಲ್ಲ ಹಂತಗಳಲ್ಲೂ ಬೆಳೆಸಬೇಕೆಂದು ಕೇಳಿತು. ಘೋಷಣೆಗೆ ಕಾನೂನಿನ ಬಲವಿಲ್ಲ, ನಿಜ. ಆದರೆ ಅದು ಸಮಸ್ಯೆಯ ಮರ್ಮವನ್ನು ಹಿಡಿದಿದೆ. ಮುಂದೆ ಪ್ರೌಢಶಾಲೆಯಾಗಲಿ ಉದ್ಯೋಗವಾಗಲಿ ಕನ್ನಡದಲ್ಲಿ ದೊರೆಯದೆಂದು ಬಲ್ಲ ತಂದೆತಾಯಿಗಳು ಒಂದನೆಯ ತರಗತಿಯಲ್ಲಿಯೇ ತೆಲುಗನ್ನೋ ಇಂಗ್ಲಿಷನ್ನೋ ಆರಿಸುವುದು ಅಭಿಮಾನಶೂನ್ಯತೆಯಲ್ಲ, ಲೆಕ್ಕಾಚಾರ. ಹಾಗೆ ಸಂಖ್ಯೆ ಹತ್ತಕ್ಕಿಂತ ಇಳಿದಾಗ ಶಿಕ್ಷಕನನ್ನು ಕೇಳುವ ಆಧಾರವೂ ಕುಸಿಯುತ್ತದೆ.

2022ರ ಏಪ್ರಿಲ್ 4ರಂದು ಜಿಲ್ಲೆ ಮತ್ತೆ ಒಡೆಯಿತು. ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ಕಲ್ಯಾಣದುರ್ಗ, ಸೆಟ್ಟೂರುಗಳು ಅನಂತಪುರದಲ್ಲಿ ಉಳಿದವು. ಈ ಸೀಮೆಯ ಕನ್ನಡಿಗರು ಒಂದೇ ಬೇಡಿಕೆಯ ಅರ್ಜಿಯನ್ನು ಈಗ ಎರಡು ಜಿಲ್ಲಾ ಕಚೇರಿಗಳಿಗೆ ಒಯ್ಯಬೇಕಾಗಿದೆ.