ಕ್ವಿನ್ಸಿ ನಿಲ್ದಾಣ, ಶಿಕಾಗೊ

ಅಮೆರಿಕದ ಶಿಕಾಗೊ ನಗರದ ವೆಲ್ಸ್ ಬೀದಿಯಲ್ಲಿ, ಉಕ್ಕಿನ ಕಂಬಗಳ ಮೇಲೆ ನಿಂತಿರುವ ನಗರ ರೈಲು ನಿಲ್ದಾಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೇರೆ ಬೇರೆ ಕಂಪನಿಗಳ ಎತ್ತರಿಸಿದ ಮಾರ್ಗಗಳನ್ನು ಪೇಟೆಯ ನಡುಭಾಗದಲ್ಲಿ ಒಂದುಗೂಡಿಸಲು ಉದ್ಯಮಿ ಚಾರ್ಲ್ಸ್ ಯರ್ಕಿಸ್ ‘ಲೂಪ್’ ಎಂಬ ಸುತ್ತುಹಳಿಯನ್ನು ಕಟ್ಟಿಸಿದ. ಅದರ ಭಾಗವಾಗಿ ಕ್ವಿನ್ಸಿ 1897ರ ಅಕ್ಟೋಬರ್ 3ರಂದು ತೆರೆಯಿತು.

ವಿನ್ಯಾಸ ಎ. ಎಂ. ಹೆಡ್ಲಿಯದು. ಎರಡು ಹಳಿಗಳ ಅತ್ತಿತ್ತ ಒಂದೊಂದು ಪ್ಲಾಟ್‌ಫಾರ್ಮ್, ಎರಡಕ್ಕೂ ಪ್ರತ್ಯೇಕ ಟಿಕೆಟ್ ಮನೆ. ನೋಡಬೇಕಾದ್ದು ಈ ಮನೆಗಳ ಹೊರಗೋಡೆಯನ್ನೇ. ಕೊರಿಂಥಿಯನ್ ಬೋದಿಗೆಯ ಅರೆಗಂಬಗಳು, ಎಲೆಮಾಲೆಗಳು, ಸುರುಳಿ ಚಾಚುಪೀಠಗಳು ದೂರಕ್ಕೆ ಕಲ್ಲಿನ ಕೆತ್ತನೆಯಂತೆ ಕಂಡರೂ ಎಲ್ಲವೂ ಅಚ್ಚೊತ್ತಿದ ತಗಡು. ಕಂಬಗಳ ಮೇಲಿನ ಕಟ್ಟಡಕ್ಕೆ ಹಗುರ ಸಾಮಗ್ರಿಯೇ ಸರಿ. ಅಗ್ಗದ ಅನುಕರಣೆ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಒಳಗೋಡೆಗೆ ಮರದ ಹಲಗೆಗಳ ಹೊದಿಕೆಯಿದೆ.

1980ರ ದಶಕದ ಜೀರ್ಣೋದ್ಧಾರದಲ್ಲಿ ನಿಲ್ದಾಣವನ್ನು ಮೊದಲಿನ ರೂಪಕ್ಕೆ ತಂದು, ಆ ಕಾಲದ ಮಾದರಿಯ ಜಾಹೀರಾತುಗಳನ್ನೂ ತೂಗುಹಾಕಲಾಯಿತು. 2018ರಲ್ಲಿ ಲಿಫ್ಟ್‌ಗಳು ಬಂದವು. ಹತ್ತಿರದ ಗಗನಚುಂಬಿ ವಿಲ್ಲಿಸ್ ಗೋಪುರಕ್ಕೆ ಹೋಗುವವರು ಹೆಚ್ಚಾಗಿ ಇಲ್ಲಿಯೇ ಇಳಿಯುತ್ತಾರೆ.