ಕೈಗಡಿಯಾರದ ಚಂದ್ರ, ಆಗಸದ ಹಿಲಾಲ್

ಕೆಲವು ವರ್ಷಗಳ ಹಿಂದೆ, ಶಅಬಾನ್ ತಿಂಗಳ ಕೊನೆಯ ಒಂದು ಸಂಜೆ, ಸಾರಕ್ಕಿಯ ನಮ್ಮ ಬೀದಿಯ ಹಿರಿಯರೊಬ್ಬರು ಮಗ್ರಿಬ್ ನಮಾಝ್ ಮುಗಿಸಿ ನನ್ನ ಬಳಿ ಬಂದು ಕುಳಿತರು. ಜಿದ್ದಾದಲ್ಲಿ ದುಡಿಯುವ ಮಗ ಕಳುಹಿಸಿದ್ದ ಕೈಗಡಿಯಾರ ಅವರ ಮಣಿಕಟ್ಟಿನಲ್ಲಿತ್ತು. ಬ್ಯಾಟರಿಯಿಲ್ಲದೆ ಸ್ಪ್ರಿಂಗಿನಿಂದ ನಡೆಯುವ ಯಂತ್ರ ಅದು. ಅಂಚಿನಲ್ಲಿ ಲೋಕದ ನಗರಗಳ ಹೆಸರುಗಳು, ಕೆಳಭಾಗದ ಪುಟ್ಟ ಕಿಂಡಿಯಲ್ಲಿ ಚಿನ್ನದ ಬಣ್ಣದ ಚಂದ್ರ.

"ಹಜ್ರತ್, ಇದರಲ್ಲಿ ಚಂದ್ರ ಮೂಡಿದೆ. ಜಿದ್ದಾದಲ್ಲಿ ಇಂದೇ ತರಾವೀಹ್ ಎಂದು ಮಗ ಫೋನ್ ಮಾಡಿದ್ದಾನೆ. ಇಲ್ಲಿ ಮಾತ್ರ ನಾಳೆಯೂ ಶಅಬಾನ್ ಎನ್ನುತ್ತಾರೆ. ನಾನು ನಾಳೆಯೇ ರೋಝಾ ಇಡುತ್ತೇನೆ, ಮನೆಯವರು ಒಪ್ಪುತ್ತಿಲ್ಲ," ಎಂದರು. ಒಂದೇ ಮನೆಯಲ್ಲಿ ರಮಝಾನಿನ ಎರಡು ಮೊದಲ ರಾತ್ರಿಗಳಾಗುವ ಸಂದರ್ಭವದು. ಅವರಿಗೆ ಉತ್ತರ ಕೊಡುವ ಮುನ್ನ ನಾನು ಆ ಗಡಿಯಾರವನ್ನು ಬಿಚ್ಚಿಕೊಡುವಂತೆ ಕೇಳಿ, ಅದನ್ನು ಹೊಂದಿಸಿದ ಬಗೆಯನ್ನು ವಿಚಾರಿಸಿದೆ.

ಕಿಂಡಿಯ ಹಿಂದೆ ಒಂದು ತಟ್ಟೆಯಿದೆ. ಅದರ ಮೇಲೆ ಒಂದಲ್ಲ, ಎರಡು ಚಂದ್ರರ ಚಿತ್ರವಿದೆ; ಅಂಚಿನಲ್ಲಿ 59 ಹಲ್ಲುಗಳಿವೆ. ದಿನಕ್ಕೊಂದು ಹಲ್ಲು ಸರಿದು, 59 ದಿನಗಳಲ್ಲಿ ಎರಡು ತಿಂಗಳು ಮುಗಿಯುತ್ತವೆ. ಅಂದರೆ ಯಂತ್ರದ ಲೆಕ್ಕದಲ್ಲಿ ತಿಂಗಳಿಗೆ ಇಪ್ಪತ್ತೊಂಬತ್ತೂವರೆ ದಿನ. ಆದರೆ ಆಗಸದ ಚಂದ್ರನ ಸರಾಸರಿ ತಿಂಗಳು 29 ದಿನ, 12 ಗಂಟೆ, 44 ನಿಮಿಷಗಳದು. ಈ 44 ನಿಮಿಷಗಳು ಕೂಡುತ್ತಾ ಹೋಗಿ, ಸುಮಾರು ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಗಡಿಯಾರದ ಚಂದ್ರ ಆಗಸದ ಚಂದ್ರನಿಗಿಂತ ಒಂದು ದಿನ ಮುಂದೆ ಓಡಿರುತ್ತಾನೆ. ಹಿರಿಯರು ಅದನ್ನು ಹೊಂದಿಸಿ ಎರಡು ವರ್ಷಗಳ ಮೇಲಾಗಿತ್ತು. ಅದೂ ಪಂಚಾಂಗದ ಅಮಾವಾಸ್ಯೆಯನ್ನು ನೋಡಿ ಹೊಂದಿಸಿದ್ದರು. ಅಮಾವಾಸ್ಯೆಯೆಂದರೆ ಸೂರ್ಯ ಚಂದ್ರರು ಒಂದೇ ದಿಕ್ಕಿನಲ್ಲಿ ಸೇರುವ ಗಳಿಗೆ. ಹಿಲಾಲ್ ಕಣ್ಣಿಗೆ ಬೀಳುವುದು ಅದರ ನಂತರದ ಸಂಜೆ, ಕೆಲವೊಮ್ಮೆ ಅದರ ಮರುಸಂಜೆ. ಹೀಗಾಗಿ ಆ ಕಿಂಡಿಯ ಚಂದ್ರ ಹೇಳುತ್ತಿದ್ದುದು ಎರಡು ವರ್ಷಗಳ ಹಿಂದೆ ಅವರೇ ಹೇಳಿಕೊಟ್ಟಿದ್ದನ್ನು.

ಇಂತಹ ಯಂತ್ರಗಳು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಭಾರತದ ಕುರಿತು ಮಹಾಗ್ರಂಥ ಬರೆದ ಅಲ್ ಬೀರೂನಿಯವರು ಹನ್ನೊಂದನೆಯ ಶತಮಾನದಲ್ಲಿಯೇ ಹಲ್ಲುಚಕ್ರಗಳಿಂದ ಚಂದ್ರನ ಕಲೆಗಳನ್ನು ತೋರುವ ಪೆಟ್ಟಿಗೆಯೊಂದರ ರಚನೆಯನ್ನು ವಿವರಿಸಿದ್ದಾರೆ. ಹಿಜರಿ 618ರಲ್ಲಿ, ಅಂದರೆ ಕ್ರಿ.ಶ. 1221-22ರಲ್ಲಿ, ಮುಹಮ್ಮದ್ ಇಬ್ನ್ ಅಬೀಬಕ್ರ್ ಅಲ್ ಇಸ್ಫಹಾನಿಯವರು ಅಂತಹ ಚಕ್ರಗಳನ್ನು ಅಳವಡಿಸಿ ನಿರ್ಮಿಸಿದ ಉಸ್ತುರ್ಲಾಬ್ ಇಂದಿಗೂ ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹಿಂಬದಿಯ ದುಂಡು ಕಿಂಡಿಯಲ್ಲಿ ಚಂದ್ರ ಬೆಳೆದು ಕ್ಷೀಣಿಸುತ್ತಾನೆ. ಇಂದಿನ ಕೈಗಡಿಯಾರದ ಕಿಂಡಿಯಲ್ಲಿ ಕಾಣುವುದು ಅದೇ ಕಲ್ಪನೆ.

ಇನ್ನೊಂದು ಸಂಗತಿ. ನಮ್ಮ ವಿದ್ವಾಂಸರು ರೂಪಿಸಿದ ಹಿಜರಿ ಗಣಿತ ಪಂಚಾಂಗದಲ್ಲಿ ಮೂವತ್ತು ವರ್ಷಗಳ ಒಂದು ಚಕ್ರವಿದೆ. ಅದರಲ್ಲಿ 19 ವರ್ಷಗಳಿಗೆ 354 ದಿನ, 11 ವರ್ಷಗಳಿಗೆ 355 ದಿನ. ಒಟ್ಟು 10,631 ದಿನಗಳು. ಈ ಲೆಕ್ಕ ಆಗಸದ ಸರಾಸರಿ ಚಂದ್ರಮಾಸದಿಂದ ಒಂದು ದಿನದಷ್ಟು ತಪ್ಪಬೇಕಾದರೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಇಷ್ಟು ನಿಖರವಾದ ಗಣಿತ ಕೈಯಲ್ಲಿದ್ದರೂ ಅವರು ರಮಝಾನಿನ ಆರಂಭವನ್ನು ಅದಕ್ಕೆ ಒಪ್ಪಿಸಿಬಿಡಲಿಲ್ಲ. ಗಣಿತವನ್ನು ದಾಖಲೆಗಳಿಗೂ ಇತಿಹಾಸಕ್ಕೂ ಬಳಸಿದರು. ಇಬಾದತ್‌ಗೆ ಬಹುಪಾಲು ಫುಕಹಾಗಳು ಕಣ್ಣಿನ ಸಾಕ್ಷ್ಯವನ್ನೇ ಆಧಾರವಾಗಿಟ್ಟರು. ಹಿಲಾಲ್‌ಗಳು ಜನರಿಗೂ ಹಜ್ಜ್‌ಗೂ ಕಾಲಸೂಚಕಗಳೆಂದು ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯ ತಿಳಿಸುತ್ತದೆ. ಚಂದ್ರನನ್ನು ಕಂಡು ಉಪವಾಸ ಹಿಡಿಯುವಂತೆಯೂ, ಮೋಡ ಮುಸುಕಿದ್ದರೆ ಮೂವತ್ತನ್ನು ಪೂರ್ಣಗೊಳಿಸುವಂತೆಯೂ ಪ್ರವಾದಿ(ಸ)ಯವರು ಬೋಧಿಸಿದರು. ಕುರಿ ಕಾಯುವವನಿಗೂ ಖಗೋಳಜ್ಞನಿಗೂ ಒಂದೇ ಬಾಗಿಲು ತೆರೆದಿಟ್ಟ ವ್ಯವಸ್ಥೆಯಿದು.

ಗಡಿಯಾರದ ಅಂಚಿನ ನಗರಗಳ ಕಥೆಯೂ ಕಡಿಮೆ ಸ್ವಾರಸ್ಯದ್ದಲ್ಲ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಅನೇಕ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ ರೇಖೆಯನ್ನು ಲೋಕದ ಮೂಲರೇಖೆಯಾಗಿ ಆರಿಸಿದರು. ಆ ಸಭೆಯಲ್ಲಿದ್ದ ಉಸ್ಮಾನಿಯಾ ಪ್ರತಿನಿಧಿ ರುಸ್ತುಮ್ ಎಫೆಂದಿಯವರು, ತಮ್ಮ ನಾಡಿನಲ್ಲಿ ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ ದಿನವನ್ನೆಣಿಸುವ ರೂಢಿಯೂ ಇದೆಯೆಂದೂ ಅದನ್ನು ಕೈಬಿಡಲಾಗದೆಂದೂ ಸ್ಪಷ್ಟಪಡಿಸಿದ್ದರು. ಆ ರೂಢಿಯಲ್ಲಿ ಸೂರ್ಯ ಮುಳುಗಿದಾಗ ಗಡಿಯಾರವನ್ನು ಹನ್ನೆರಡಕ್ಕೆ ತಿರುಗಿಸುತ್ತಿದ್ದರು. ಲೋಕದ ಹೊತ್ತನ್ನೆಲ್ಲ ಒಂದೇ ಮುಖದಲ್ಲಿ ತೋರುವ ಗಡಿಯಾರವನ್ನು 1930ರ ದಶಕದಲ್ಲಿ ಜಿನೀವಾದ ಲೂಯಿ ಕೋತಿಯೇ ರೂಪಿಸಿದರು.

ಭಾರತದಲ್ಲಿ ಇಂದಿನ ಪ್ರಮಾಣ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದು 82.5 ಡಿಗ್ರಿ ರೇಖಾಂಶದ ಹೊತ್ತು. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ನಮ್ಮ ಸೂರ್ಯ ಗಡಿಯಾರಕ್ಕಿಂತ ಇಪ್ಪತ್ತು ನಿಮಿಷ ತಡ. ಆದ್ದರಿಂದಲೇ ಸಾರಕ್ಕಿಯಲ್ಲಿ ಝವಾಲ್ ನವೆಂಬರ್ ಆರಂಭದಲ್ಲಿ 12 ಗಂಟೆ 3 ನಿಮಿಷದ ಹೊತ್ತಿಗೂ, ಫೆಬ್ರವರಿ ನಡುವಿನಲ್ಲಿ 12 ಗಂಟೆ 34 ನಿಮಿಷದ ಹೊತ್ತಿಗೂ ಆಗುತ್ತದೆ. ಹನ್ನೆರಡು ಹೊಡೆದೊಡನೆ ಝುಹರ್ ಆಯಿತೆಂದು ತಿಳಿಯುವವರು ಇದನ್ನು ಗಮನಿಸಬೇಕು.

ನಗರಗಳ ಬಳೆಯುಳ್ಳ ಹಳೆಯ ಮಾದರಿಗಳಲ್ಲಿ ನಮಗೆ ಇನ್ನೊಂದು ತೊಡಕಿದೆ. ಅವು 24 ನಗರಗಳನ್ನು ಪೂರ್ಣ ಗಂಟೆಗಳ ಅಂತರದಲ್ಲಿ ಮಾತ್ರ ತೋರುತ್ತವೆ. ನಮ್ಮ ಐದೂವರೆ ಗಂಟೆಗೆ ಅಲ್ಲಿ ಮನೆಯಿಲ್ಲ. ಅಂತಹ ಗಡಿಯಾರದಲ್ಲಿ ಐದು ಗಂಟೆಯ ಅಂತರದ ಕರಾಚಿಯನ್ನು ಆಧಾರವಾಗಿಟ್ಟು, ನಮ್ಮ ಹೊತ್ತಿಗೆ ಅರ್ಧ ಗಂಟೆ ಸೇರಿಸಿ ಓದುವುದು ಸರಳ. ಜಿದ್ದಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಈ ಎರಡೂವರೆ ಗಂಟೆಯಲ್ಲಿಯೇ ಹಿರಿಯರ ಇನ್ನೊಂದು ಸಂದೇಹಕ್ಕೂ ಉತ್ತರವಿತ್ತು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಅಲ್ಲಿ ಮುಳುಗುವಷ್ಟರಲ್ಲಿ ಚಂದ್ರ ಸೂರ್ಯನಿಂದ ಇನ್ನೂ ಒಂದು ಡಿಗ್ರಿಗೂ ಹೆಚ್ಚು ದೂರ ಸರಿದಿರುತ್ತಾನೆ. ಇಲ್ಲಿ ಕಾಣದ ಎಳೆ ಅಲ್ಲಿ ಕಾಣಬಹುದು. ಮಗನೂ ಸುಳ್ಳು ಹೇಳಿರಲಿಲ್ಲ, ಮಹಲ್ಲಾದವರೂ ತಪ್ಪಿರಲಿಲ್ಲ.

ಹಿಂದೆ ದೊಡ್ಡ ಮಸೀದಿಗಳಲ್ಲಿ ಹೊತ್ತನ್ನು ಗುರುತಿಸಲೆಂದೇ ಮುವಕ್ಕಿತ್ ಎಂಬ ವಿದ್ವಾಂಸರಿರುತ್ತಿದ್ದರು. ದಮಾಸ್ಕಸಿನ ಉಮಯ್ಯದ್ ಮಸೀದಿಯ ಇಬ್ನ್ ಅಶ್ಶಾತಿರ್ ಅವರಲ್ಲೊಬ್ಬರು. 1371ರ ಸುಮಾರಿಗೆ ಅಲ್ಲಿನ ಮಿನಾರದಲ್ಲಿ ನೆರಳುಗಡಿಯಾರ ಸ್ಥಾಪಿಸಿದರು. ನಮ್ಮ ನಾಡಿನ ಟಿಪ್ಪು ಸುಲ್ತಾನರು 1787ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಕಳುಹಿಸಿದ ದೂತರ ಮೂಲಕ ಬೇಡಿದ ಕುಶಲಕರ್ಮಿಗಳಲ್ಲಿ ಗಡಿಯಾರ ತಯಾರಕರೂ ಇದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇದೇ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾಯಿತು. ದಿನವೂ ಕೀ ಕೊಡುತ್ತಿದ್ದ ಆ ಗಡಿಯಾರಗಳನ್ನು ಅಜ್ಜಂದಿರ ಕೈಯಲ್ಲಿ ಕಂಡ ನೆನಪು ಅನೇಕ ಓದುಗರಿಗೆ ಇರಬಹುದು. ಯಂತ್ರದ ಬಗೆಗೆ ನಮ್ಮವರಿಗೆ ಎಂದೂ ತಿರಸ್ಕಾರವಿರಲಿಲ್ಲ. ಅದರ ಸ್ಥಾನ ಯಾವುದೆಂಬ ಅರಿವಿತ್ತು.

ಆ ರಾತ್ರಿ ಹಿರಿಯರು ಮನೆಯವರೊಡನೆಯೇ ಇರಲು ಒಪ್ಪಿದರು. ಅದೇ ತಿಂಗಳ ಹದಿನಾಲ್ಕನೆಯ ರಾತ್ರಿ ನಾವಿಬ್ಬರೂ ಗಡಿಯಾರವನ್ನು ಹೊಸದಾಗಿ ಹೊಂದಿಸಿದೆವು. ಬದಲಾವಣೆಯ ಚಕ್ರಗಳು ರಾತ್ರಿ ಒಂಬತ್ತರಿಂದ ನಸುಕಿನ ಮೂರರವರೆಗೆ ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ, ಮೊದಲು ಮುಳ್ಳುಗಳನ್ನು ಆ ಅವಧಿಯಿಂದ ಆಚೆ ಸರಿಸಿದೆವು. ಬಳಿಕ ಪಕ್ಕದ ಗುಂಡಿಯನ್ನು ಒಂದೊಂದೇ ಬಾರಿ ಒತ್ತಿ ಚಂದ್ರನನ್ನು ಕಿಂಡಿಯ ನಡುವಿಗೆ ತಂದೆವು. ಕೊನೆಗೆ ಸರಿಯಾದ ಹೊತ್ತಿಗೆ, ರಾತ್ರಿಯೋ ಹಗಲೋ ಎಂಬುದನ್ನು ನೋಡಿಕೊಂಡು, ಮುಳ್ಳುಗಳನ್ನು ನಿಲ್ಲಿಸಿದೆವು. ಕಿಟಕಿಯಾಚೆ ಸಾರಕ್ಕಿ ಕೆರೆಯ ಮೇಲೆ ತುಂಬುಚಂದ್ರನಿದ್ದ. ಹಿರಿಯರು ಅವನನ್ನೊಮ್ಮೆ, ಮಣಿಕಟ್ಟನ್ನೊಮ್ಮೆ ನೋಡಿ, "ಇವನನ್ನು ನೋಡಿ ಇದನ್ನು ತಿದ್ದಬೇಕು, ಅಲ್ಲವೇ ಹಜ್ರತ್?" ಎಂದರು. ನಾನು ಹೇಳಬೇಕೆಂದಿದ್ದುದನ್ನು ಅವರೇ ಹೇಳಿಬಿಟ್ಟಿದ್ದರು.

ಮುಂದಿನ 29ರ ಸಂಜೆ ಮಕ್ಕಳ ಕೈ ಹಿಡಿದು ಮಾಳಿಗೆ ಹತ್ತಿರಿ, ಪಶ್ಚಿಮದತ್ತ ನೋಡಿರಿ. ಕಂಡರೆ ದುಆ ಮಾಡಿರಿ. ಕಾಣದಿದ್ದರೆ ಜಮಾಅತಿನೊಂದಿಗೆ ಕಾಯಿರಿ. ನಮಗೆ ಕೊಟ್ಟಿರುವ ಹೊತ್ತು ಅಮಾನತ್ತು. ಅದನ್ನು ಅರಿತು ನಡೆಯುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.