ಬೆತ್ತ ಯಾರ ಕೈಯಲ್ಲಿ?

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿವೆ. ಶಿಕ್ಷಣ ಇಲಾಖೆಯ ಲೆಕ್ಕವೇ ಬೇರೆ. ಅಲ್ಲಿ ಈ ನಾಲ್ಕೂ ಸೇರಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ ಪಟ್ಟಿಯಲ್ಲಿ ಮಧುಗಿರಿ ಎಷ್ಟನೆಯದು ಎಂದು ಇಲ್ಲಿನ ಮೇಷ್ಟ್ರುಗಳೂ ಪೋಷಕರೂ ಹುಡುಕುತ್ತಾರೆ. ಸ್ಥಾನ ಕೆಳಗಿಳಿದರೆ ದೂರು ಎರಡೂ ಕಡೆಯಿಂದ ಏಳುತ್ತದೆ. ಮನೆಯಲ್ಲಿ ಮಕ್ಕಳಿಗೆ ಹಿಡಿತವಿಲ್ಲ ಎಂದು ಮೇಷ್ಟ್ರು, ಶಾಲೆಯಲ್ಲಿ ಹೆದರಿಕೆಯೇ ಇಲ್ಲ ಎಂದು ಪೋಷಕರು. ‘ನಮ್ಮ ಕಾಲದಲ್ಲಾಗಿದ್ದರೆ ಬೆತ್ತ ಮುರಿಯುತ್ತಿತ್ತು’ ಎಂಬ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರುತ್ತದೆ.

ಆ ‘ನಮ್ಮ ಕಾಲ’ ಯಾವುದು, ಆಗ ಬೆತ್ತ ನಿಜಕ್ಕೂ ಯಾರ ಕೈಯಲ್ಲಿತ್ತು ಎಂದು ಹಿಂದಿರುಗಿ ನೋಡಿದರೆ ಚಿತ್ರ ಅಷ್ಟು ಸರಳವಾಗಿಲ್ಲ. ಮಗುವನ್ನು ಹೆತ್ತವರು ಬೆಳೆಸುತ್ತಾರೆ, ತಪ್ಪು ಮಾಡಿದರೆ ಅವರೇ ದಂಡಿಸುತ್ತಾರೆ ಎಂಬ ಎಣಿಕೆ ಈ ಬಯಲುಸೀಮೆಯ ಹಳ್ಳಿಗಳ ಮಟ್ಟಿಗೆ ತೀರಾ ಇತ್ತೀಚಿನದು.

ಅವಿಭಕ್ತ ಕುಟುಂಬದಲ್ಲಿ ಮಗುವಿನ ಅಪ್ಪನೇ ಇನ್ನೊಬ್ಬರ ಅಂಕೆಯಲ್ಲಿದ್ದ. ಮನೆಯ ಯಜಮಾನಿಕೆ ತಾತನದು, ಅವನಿಲ್ಲದಿದ್ದರೆ ದೊಡ್ಡಪ್ಪನದು. ಹಿರಿಯರ ಎದುರು ತನ್ನ ಮಗುವನ್ನು ಎತ್ತಿ ಮುದ್ದಾಡುವುದು ಮರ್ಯಾದೆಯಲ್ಲ ಎನ್ನುವ ನಡವಳಿಕೆ ಅನೇಕ ಮನೆಗಳಲ್ಲಿತ್ತು. ಮುದ್ದಿಸಲು ಸ್ವಾತಂತ್ರ್ಯವಿಲ್ಲದವನಿಗೆ ದಂಡಿಸಲು ಪೂರ್ತಿ ಅಧಿಕಾರ ಇದ್ದೀತೇ? ಕಿವಿ ಚುಚ್ಚುವುದಕ್ಕೆ, ಹುಡುಗಿ ಮೈನೆರೆದಾಗ ಗುಡ್ಲು ಹಾಕುವುದಕ್ಕೆ ಸೋದರಮಾವ ಬರಬೇಕು. ಸೊಸೆಯಂದಿರಿಗೆ ಮಕ್ಕಳ ಮೇಲಿದ್ದ ಅಧಿಕಾರ ಅತ್ತೆ ಬಿಟ್ಟುಕೊಟ್ಟಷ್ಟು. ಆಂಧ್ರದ ನೆಲ ಬಹುಪಾಲು ಸುತ್ತುವರಿದಿರುವ ಪಾವಗಡದ ಕಡೆ ಒಂದು ಸೋಜಿಗವಿದೆ. ಕನ್ನಡದ ಮನೆಯಲ್ಲಿ ‘ಅವ್ವ’ ಎಂದರೆ ತಾಯಿ, ರಾಯಲಸೀಮೆಯ ತೆಲುಗಾಡುವ ಮನೆಯಲ್ಲಿ ‘ಅವ್ವ’ ಎಂದರೆ ಅಜ್ಜಿ. ಮಗುವನ್ನು ಸಾಕಿದವರು ಯಾರು ಎಂದು ಕೇಳಿದರೆ ಎರಡು ಅರ್ಥವೂ ಸಲ್ಲುತ್ತದೆ.

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲಿ ಹೆತ್ತವರನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹೇಳಿದ್ದನ್ನು ಮರುಮಾತಿಲ್ಲದೆ ಕೇಳಬೇಕು ಎನ್ನುವವರು, ಕಾರಣ ಹೇಳಿ ಹಿಡಿತ ಇಟ್ಟುಕೊಳ್ಳುವವರು, ಎಲ್ಲಕ್ಕೂ ಒಪ್ಪಿ ಸಡಿಲ ಬಿಡುವವರು. ಎರಡನೆಯ ಬಗೆಯವರ ಮಕ್ಕಳು ಹೆಚ್ಚು ಸ್ವಾವಲಂಬಿಗಳಾಗುತ್ತಾರೆ ಎಂಬುದು ಅವರ ತೀರ್ಮಾನವಾಗಿತ್ತು. ಇಂದಿಗೂ ಮಕ್ಕಳ ಪಾಲನೆಯ ಬಗ್ಗೆ ಬರೆಯುವವರು ಈ ವಿಂಗಡಣೆಯನ್ನೇ ಮುಂದಿಡುತ್ತಾರೆ. ಆದರೆ ಅದು ಅಪ್ಪ, ಅಮ್ಮ, ಒಂದಿಬ್ಬರು ಮಕ್ಕಳಿರುವ ಮನೆಯನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದ್ದು. ತಾತ ಗದರಿ, ಅಜ್ಜಿ ಸೆರಗಿನಲ್ಲಿ ಬಚ್ಚಿಟ್ಟು, ಮಾವ ಹೆದರಿಸಿ, ತಾಯಿ ಸುಮ್ಮನಿದ್ದು ಬೆಳೆಸಿದ ಮಗುವನ್ನು ಯಾವ ಬಗೆಗೆ ಸೇರಿಸುವುದು? ಒಂದೇ ಮನೆಯಲ್ಲಿ ಮೂರೂ ಬಗೆ ಇದ್ದವು.

ಹೀಗೆ ಹಂಚಿಹೋಗಿದ್ದ ಅಧಿಕಾರ ಒಬ್ಬನ ಕೈಯಲ್ಲಿ ಒಟ್ಟಾಗಿ ಸೇರುತ್ತಿದ್ದುದು ಕೂಲಿಮಠದಲ್ಲಿ. ಊರಿನ ಜಗಲಿಯ ಮೇಲೋ ಗುಡಿಯ ಅಂಗಳದಲ್ಲೋ ನಡೆಯುತ್ತಿದ್ದ ಈ ಮಠಗಳಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಅಯ್ಯನವರಿಗೆ ಸಂಬಳವೆಂದರೆ ದವಸ ಧಾನ್ಯ, ಹಬ್ಬದ ದಿನದ ಕಾಣಿಕೆ. ಮಗನನ್ನು ಒಪ್ಪಿಸುವಾಗ ಅಪ್ಪ ಹೇಳುತ್ತಿದ್ದ ಮಾತು ನಾಡಿನುದ್ದಕ್ಕೂ ಒಂದೇ: ‘ಕಣ್ಣೆರಡು ಬಿಟ್ಟು ಬೇರೆ ಎಲ್ಲಿಗಾದರೂ ಹೊಡೆಯಿರಿ.’ ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರಕ್ಕೆ ಗೆಳೆಯನಂತೆ ಕಾಣು ಎಂದು ಸಾರುವ ಹಳೆಯ ಸಂಸ್ಕೃತ ಸುಭಾಷಿತ ಓದು ಬಾರದವರಿಗೂ ಗೊತ್ತಿತ್ತು. ಅದರ ಮೂರನೆಯ ಭಾಗ ಮಾತ್ರ ಅಷ್ಟಾಗಿ ಬಳಕೆಗೆ ಬರಲಿಲ್ಲ.

ಕೂಲಿಮಠದ ಶಿಕ್ಷೆಗಳಿಗೆ ಹೆಸರುಗಳೇ ಇದ್ದವು. ಕಿವಿ ಹಿಡಿದು ಬಸ್ಕಿ ಹೊಡೆಸುವುದು, ಬಗ್ಗಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲಿಡುವುದು, ಬಿಸಿಲಿನಲ್ಲಿ ಮಂಡಿಯೂರಿಸುವುದು ಸಾಮಾನ್ಯ. ಎಲ್ಲಕ್ಕಿಂತ ಭಯಂಕರವಾದದ್ದು ಕೋದಂಡ. ಮಾಡಿನ ತೊಲೆಗೆ ಹಗ್ಗ ಕಟ್ಟಿ, ಹುಡುಗನ ಎರಡೂ ಕೈಗೆ ಹಗ್ಗ ಹಿಡಿಸಿ, ಕಾಲು ನೆಲಕ್ಕೆ ತಾಗದಂತೆ ನೇತುಬಿಡುವುದು. ಕೈ ಸೋತು ಬಿಟ್ಟರೆ ಏಟು. ಕೆಳಗೆ ಮುಳ್ಳು ಹರಡಿಡುತ್ತಿದ್ದುದೂ ಉಂಟು. ಮಠ ತಪ್ಪಿಸಿಕೊಂಡವನನ್ನು ದೊಡ್ಡ ಹುಡುಗರೇ ಹೋಗಿ ಕೈಕಾಲು ಹಿಡಿದು ಹೊತ್ತು ತರುತ್ತಿದ್ದರು. ಮಗನ ಕೂಗು ಕೇಳಿದರೂ ತಾಯಿ ಒಳಗೇ ಉಳಿಯಬೇಕು. ಈ ಮಠಗಳ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯಬಾರದು. ಹೆಣ್ಣುಮಕ್ಕಳು ಅಲ್ಲಿ ಅಪರೂಪ, ದಲಿತ ಮಕ್ಕಳು ಇಲ್ಲವೇ ಇಲ್ಲ. ಅವರ ಪಾಲಿಗೆ ಬೆತ್ತವೂ ಇರಲಿಲ್ಲ, ಅಕ್ಷರವೂ ಇರಲಿಲ್ಲ.

ಅಂಥ ಮಕ್ಕಳ ಮೇಲಿನ ಅಧಿಕಾರ ಮತ್ತೊಂದು ದಾರಿಯಲ್ಲಿ ಮನೆಯಿಂದ ಆಚೆ ಹೋಗುತ್ತಿತ್ತು. ಬರ ಬಂದ ವರ್ಷ, ಅಥವಾ ಮನೆಯಲ್ಲಿ ಮದುವೆಯೋ ಸಾವೋ ಆದಾಗ, ಸಾಲಕ್ಕೆ ಪ್ರತಿಯಾಗಿ ಮಗನನ್ನು ಜೀತಕ್ಕಿಡುವುದು ಈ ಸೀಮೆಯಲ್ಲೂ ಇದ್ದ ರೂಢಿ. ಕೊಟ್ಟಿಗೆ ಬಾಚುವುದರಿಂದ ದನ ಮೇಯಿಸುವುದರ ತನಕ ಹುಡುಗನ ದಿನ ಧಣಿಯದಾಯಿತು. ತಪ್ಪಿಗೆ ಏಟು ಹಾಕುವ ಹಕ್ಕೂ ಸಾಲದ ಜೊತೆಗೇ ಕೈಬದಲಾಯಿತು. ಹೆತ್ತವರು ಮಗುವಿನ ದುಡಿಮೆಯನ್ನು ಒತ್ತೆ ಇಡುವ ಕರಾರನ್ನು ಬ್ರಿಟಿಷ್ ಇಂಡಿಯಾದಲ್ಲಿ 1933ರ ಕಾಯಿದೆಯೊಂದು ಅನೂರ್ಜಿತಗೊಳಿಸಿತು. ಇಡೀ ಜೀತ ಪದ್ಧತಿಯೇ ಕಾನೂನಿನ ಪ್ರಕಾರ ರದ್ದಾದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ. ಮರುವರ್ಷ ಅದು ಕಾಯಿದೆಯಾಯಿತು.

ಮನೆ, ಮಠ, ಧಣಿ ಮೂವರ ನಡುವೆ ಸರ್ಕಾರ ಕಾಲಿಟ್ಟದ್ದು ನಿಧಾನವಾಗಿ. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಇದರ ಹಿಂದಿದ್ದವರು ಶಾಸನಗಳ ಸಂಪಾದನೆಯಿಂದ ಹೆಸರಾದ ಬಿ.ಎಲ್. ರೈಸ್. ಹೊಸ ಶಾಲೆಗೆ ಮೇಷ್ಟ್ರುಗಳನ್ನು ಎಲ್ಲಿಂದ ತರುವುದು? ಕೂಲಿಮಠದ ಅಯ್ಯಗಳನ್ನೇ ಆರಿಸಿ, ತರಬೇತಿ ಕೊಟ್ಟು, ಸಂಬಳ ನಿಗದಿಪಡಿಸಲಾಯಿತು. ಯೋಜನೆ ಜಾಣತನದ್ದೇ. ಅಯ್ಯ ಸರ್ಕಾರಿ ನೌಕರನಾದ, ಮರಳಿನ ಬದಲು ಸ್ಲೇಟು ಬಂತು. ಬೆತ್ತ ಮಾತ್ರ ಹಳೆಯದೇ.

1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಸ್ಥಾನ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಕಾನೂನು ನಿಷೇಧಿಸಿತು. ಎಂಟು ವರ್ಷ ಎಂದರೆ ಇಂದಿನವರಿಗೆ ನಗು ಬರಬಹುದು. ಆದರೆ ಬ್ರಿಟಿಷ್ ಇಂಡಿಯಾದ ಶಾರದಾ ಕಾಯಿದೆ ಬಂದದ್ದು ಇದಾಗಿ 35 ವರ್ಷಗಳ ಮೇಲೆ, 1929ರಲ್ಲಿ. ಮನೆಯೊಳಗಿನ ವಿಷಯಕ್ಕೆ ಸರ್ಕಾರ ಕೈಹಾಕುತ್ತಿದೆ ಎಂಬ ಆಕ್ಷೇಪ ಆಗ ಜೋರಾಗಿಯೇ ಎದ್ದಿತ್ತು. ಮಗಳನ್ನು ಯಾವಾಗ, ಯಾರಿಗೆ ಕೊಡಬೇಕು ಎಂಬುದು ಅಪ್ಪನ ಸ್ವಂತ ವಿಷಯವಲ್ಲ ಎಂದು ಈ ನೆಲದಲ್ಲಿ ಆಳುವವರು ಕಾಗದದ ಮೇಲೆ ಬರೆದದ್ದು ಆಗ.

ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಆಯ್ದ ಕಡೆಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಡ್ಡಾಯ. ಇದನ್ನೇ ರಾಜ್ಯದುದ್ದಕ್ಕೂ ಹಬ್ಬಿಸಲು 1961ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು. ಮಕ್ಕಳನ್ನು ಶಾಲೆಗೆ ಕಳಿಸದ ಪೋಷಕರನ್ನು ಕ್ರೂರಿಗಳೆಂದು ನೋಡುವುದು ಸುಲಭ. ಶಿರಾ, ಪಾವಗಡದಂಥ ಮಳೆನೆಚ್ಚಿದ ಸೀಮೆಯಲ್ಲಿ ಕುರಿ ಮೇಯಿಸಲು, ಪೈರಿಗೆ ಹಕ್ಕಿ ಕಾಯಲು, ಕಡಲೆಕಾಯಿ ಬಿಡಿಸಲು, ತಾಯಿ ಕೂಲಿಗೆ ಹೋದಾಗ ಎಳೆಗೂಸನ್ನು ಸೊಂಟದಲ್ಲಿ ಹೊರಲು ಮಕ್ಕಳೇ ಬೇಕಿತ್ತು. ಎಂಟು ವರ್ಷದ ಹುಡುಗಿ ತಮ್ಮನಿಗೆ ತಾಯಿಯೂ ಆಗಿದ್ದಳು. ಅಂಥ ಮನೆಗೆ ಬಂದು ಮಗುವನ್ನು ಬಿಟ್ಟುಕೊಡಿ ಎಂದ ಸರ್ಕಾರಿ ಮೇಷ್ಟ್ರು ಹೆತ್ತವರ ಕಣ್ಣಿಗೆ ಒಂದು ಜೊತೆ ಕೈಯನ್ನು ಕಿತ್ತುಕೊಳ್ಳಲು ಬಂದವನಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಪೇಟೆಯ ವಿದ್ಯಾವಂತರಲ್ಲಿ ಆ ಹೊತ್ತಿಗೆ ಬೇರೆಯೇ ಚರ್ಚೆ ಹುಟ್ಟಿಕೊಂಡಿತ್ತು. ಪರೀಕ್ಷೆಯಲ್ಲಿ ಮೇಲುಗೈಯಾದ ಮಗನೋ, ಮನೆಯವರ ಕಷ್ಟಕ್ಕೆ ಒದಗುವ ಮಗನೋ, ಯಾರು ಗಟ್ಟಿ ಎಂದು ಕೇಳಿದ ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕ ಬಂದದ್ದು ಆಗಲೇ. ಫಲಿತಾಂಶದ ಪಟ್ಟಿ ನೋಡುವವರಿಗೆ ಆ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ.

ಅಧಿಕಾರ ಮನೆಯಾಚೆ ಇರುವುದರ ಅತಿ ಕಠಿಣ ಉದಾಹರಣೆ ಈ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಸಿಗುತ್ತದೆ. ಕಾಡುಗೊಲ್ಲರು ಊರಿನಿಂದ ಬೇರೆಯಾಗಿ ತಮ್ಮದೇ ಹಟ್ಟಿಗಳಲ್ಲಿ ನೆಲೆಸಿದವರು. ಶಿರಾ ತಾಲ್ಲೂಕಿನ ಜುಂಜಪ್ಪನ ಗುಡ್ಡೆಯ ಜುಂಜಪ್ಪ ಅವರ ಸಾಂಸ್ಕೃತಿಕ ವೀರ. ಗಣೆ ಊದಿ ಹಾಡುವ ಅವನ ಕಾವ್ಯ ಕನ್ನಡ ಮೌಖಿಕ ಪರಂಪರೆಯ ದೊಡ್ಡ ಆಸ್ತಿ. ಇದೇ ಸಮುದಾಯದಲ್ಲಿ, ಹಟ್ಟಿಯೊಳಗಿರುವ ದೇವರಿಗೆ ಮೈಲಿಗೆ ತಗಲಬಾರದೆಂದು ಮುಟ್ಟಾದ ಹೆಂಗಸರನ್ನೂ, ಬಾಣಂತಿಯನ್ನು ಕೂಸಿನ ಸಮೇತವೂ ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ಪದ್ಧತಿ ಬೆಳೆದುಬಂದಿದೆ. ಮಗು ಹುಟ್ಟಿದ ಮೊದಲ ದಿನಗಳಲ್ಲಿ ಅದರ ಮೇಲೆ ತಾಯಿಗೂ ಅಧಿಕಾರವಿಲ್ಲ, ತಂದೆಗೂ ಇಲ್ಲ. ಒಳಗೆ ಕರೆದುಕೊಳ್ಳುತ್ತೇನೆ ಎಂದು ಒಬ್ಬ ಅಪ್ಪ ಮನಸ್ಸು ಮಾಡಿದರೂ ದೇವರ ಭಯ, ಪೂಜಾರಿಯ ಮಾತು, ಹಟ್ಟಿಯವರ ನೋಟ ಅಡ್ಡ ಬರುತ್ತವೆ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿನ ಗುಡಿಸಿಲಿನಲ್ಲಿ ತಾಯಿಯೊಂದಿಗಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ಕಾಯಿಲೆ ಬಿದ್ದು ಸತ್ತಿತು. ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಇಡುವುದನ್ನು ಅಪರಾಧವೆನ್ನುವ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿ ನಿಷೇಧ ಕಾಯಿದೆ ಆಗಲೇ ಜಾರಿಯಲ್ಲಿತ್ತು. ಅದಕ್ಕೂ ಮೊದಲು ಸರ್ಕಾರವೇ ಹಲವು ಹಟ್ಟಿಗಳ ಬಳಿ ‘ಕೃಷ್ಣಕುಟೀರ’ ಎಂಬ ಕಟ್ಟಡಗಳನ್ನು ಕಟ್ಟಿಸಿತ್ತು. ಗುಡಿಸಿಲಿಗಿಂತ ಸೂರು ಮೇಲು ಎಂಬುದು ಅದರ ಹಿಂದಿನ ಕಾಳಜಿ. ಆದರೆ ಹೊರಗಿಡುವ ಪದ್ಧತಿಗೆ ಇದರಿಂದ ಸಿಮೆಂಟಿನ ಬಲ ಬಂದಂತಾಗಲಿಲ್ಲವೇ ಎಂಬ ಟೀಕೆಯಲ್ಲಿ ಹುರುಳಿದೆ. ಈ ಪದ್ಧತಿಯ ವಿರುದ್ಧ ಮಾತನಾಡುವವರಲ್ಲಿ ಅದೇ ಸಮುದಾಯದ ಓದಿದ ತಲೆಮಾರಿನವರೂ ಇದ್ದಾರೆ. ಹೊರಗಿನವರ ಉಪದೇಶಕ್ಕಿಂತ ಅವರ ಮಾತಿಗೆ ಹಟ್ಟಿಯಲ್ಲಿ ಹೆಚ್ಚು ತೂಕ.

ಶಾಲೆಯ ಬೆತ್ತಕ್ಕೆ ಕಾನೂನಿನ ಆಸರೆ ಬಹುಕಾಲ ಇತ್ತು. 1860ರ ಭಾರತೀಯ ದಂಡ ಸಂಹಿತೆಯ 89ನೆಯ ಕಲಂ, 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರು ಅಥವಾ ಅವರ ಒಪ್ಪಿಗೆಯಿಂದ ಇತರರು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎಂದಿತು. ‘ಕಣ್ಣೆರಡು ಬಿಟ್ಟು ಹೊಡೆಯಿರಿ’ ಎಂಬ ಅಪ್ಪನ ಮಾತಿಗೆ ಇದು ಕಾನೂನಿನ ಭಾಷೆ ಎನ್ನಬಹುದು, ಕೋದಂಡದಂಥ ಕ್ರೌರ್ಯಕ್ಕೆ ಅದರಲ್ಲಿ ಜಾಗವಿರಲಿಲ್ಲ ಅಷ್ಟೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಕಲಂ 27ನೆಯ ಸಂಖ್ಯೆಯೊಂದಿಗೆ ಉಳಿದುಕೊಂಡಿದೆ.

ಬದಲಾದದ್ದು ಶಾಲೆ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳ ಪೈಕಿ ಶೇ 65ರಷ್ಟು ಮಂದಿ ಏಟು ತಿಂದದ್ದಾಗಿ ಹೇಳಿದ್ದರು. ಶಿಕ್ಷಣದ ಹಕ್ಕಿನ 2009ರ ಕಾಯಿದೆಯ 17ನೆಯ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಸಂಪೂರ್ಣವಾಗಿ ನಿಷೇಧಿಸಿತು. ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಮನೆಗೆ ಅಂಥ ನೇರ ನಿಷೇಧವಿಲ್ಲ. ಹೆತ್ತವರೂ ಮಕ್ಕಳಿಗೆ ಹೊಡೆಯಕೂಡದು ಎಂದು ಜಗತ್ತಿನಲ್ಲಿ ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1979ರಲ್ಲಿ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯಿದೆ ಮಗುವಿಗೆ ಅನವಶ್ಯಕ ನೋವಾಗುವಂಥ ಕ್ರೌರ್ಯವನ್ನು, ಅದು ಪೋಷಕರದ್ದಾದರೂ, ಅಪರಾಧವೆನ್ನುತ್ತದೆ. ನಿತ್ಯದ ಏಟು ಯಾವಾಗ ಕ್ರೌರ್ಯವಾಗುತ್ತದೆ ಎಂಬುದು ಪ್ರಕರಣ ಠಾಣೆಗೆ ಬಂದಾಗಷ್ಟೇ ಕೇಳಿಬರುವ ಪ್ರಶ್ನೆ. ಅಂಥ ಪ್ರಕರಣ ಠಾಣೆಯ ತನಕ ಬರುವುದು ಕಡಿಮೆ.

ಹೀಗೆ ಒಂದೂವರೆ ಶತಮಾನದಲ್ಲಿ ಅಧಿಕಾರ ಅಯ್ಯನ ಕೈತಪ್ಪಿ, ಧಣಿಯ ಕೈತಪ್ಪಿ, ಹೆತ್ತವರ ಬಳಿಗೆ ಬಂದಿದೆ. ಆದರೆ ಅದನ್ನು ಹಿಡಿಯಲು ಅವರೇ ಊರಲ್ಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಪಾವಗಡ, ಮಧುಗಿರಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋಗುವ ದಂಪತಿಗಳು ಮಕ್ಕಳನ್ನು ಅಜ್ಜಿಯ ಬಳಿ ಬಿಡುತ್ತಾರೆ, ಇಲ್ಲವೇ ಹಾಸ್ಟೆಲಿಗೆ ಸೇರಿಸುತ್ತಾರೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಿದ್ಧಗಂಗೆಯ ಮಠ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟದ್ದು ನಾಡಿಗೇ ಗೊತ್ತು. ಮುಂಜಾನೆ ಗಂಟೆಗೆ ಏಳುವ, ಸಾಲಾಗಿ ಕೂತು ಪ್ರಾರ್ಥನೆ ಮಾಡುವ ಆ ಶಿಸ್ತನ್ನು ಹೆತ್ತವರು ಬಯಸಿಯೇ ಕಳಿಸಿದರು.

ಸರ್ಕಾರಿ ಶಾಲೆಯಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. ಮಕ್ಕಳ ತಂದೆತಾಯಿಯರೇ ಅದರ ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷರು. ಕೂಲಿಮಠದ ಅಯ್ಯನ ಎದುರು ಕೈಕಟ್ಟಿ ನಿಂತಿದ್ದವರ ಮರಿಮಕ್ಕಳು ಈಗ ಮೇಷ್ಟ್ರ ಎದುರು ಕುರ್ಚಿಯಲ್ಲಿ ಕೂತು ಶಾಲೆಯ ಲೆಕ್ಕ ಕೇಳಬಲ್ಲರು. ಶಾಲೆ ಶುರುವಾದಾಗಿನಿಂದ ಪರೀಕ್ಷೆಯ ತನಕ ಇಂಥ ಸಭೆಗಳಲ್ಲಿ ಅಪ್ಪಂದಿರು ತಪ್ಪದೆ ಒಂದು ಬೇಡಿಕೆ ಇಡುತ್ತಾರೆ. ಮನೆಯಲ್ಲಿ ನಮ್ಮ ಮಾತು ಕೇಳಲ್ಲ, ನೀವೇ ನಾಲ್ಕು ಬಿಗಿಯಿರಿ ಸಾರ್, ನಾವೇನೂ ಅನ್ನಲ್ಲ ಎಂದು. ಹೊಡೆದರೆ ಕೆಲಸ ಹೋದೀತೆಂದು ಮೇಷ್ಟ್ರು ಸುತ್ತೋಲೆಯ ಕಡೆ ಬೆರಳು ತೋರಿಸುತ್ತಾರೆ.